ಕಸುಬು ಅಳಿದಾಗ ಕರೆ ಉಳಿಯುವುದೇ? ಅಚ್ಚುಕೂಟದ ಚರಿತ್ರೆಯಿಂದ ಒಂದು ವಿಚಾರ

ಅಚ್ಚುಕೂಟದ ಚರಿತ್ರೆಯನ್ನು ನಾವು ಸಾಮಾನ್ಯವಾಗಿ ವಿಜಯದ ಚರಿತ್ರೆಯಾಗಿ ಓದುತ್ತೇವೆ. ಸತ್ಯವೇದವು ಜನಭಾಷೆಗಳಲ್ಲಿ ಮನೆಮನೆಯನ್ನು ಮುಟ್ಟಿದ್ದು, ಸಭಾಸುಧಾರಣೆಯು ಯೂರೋಪಿನಲ್ಲಿ ಹಬ್ಬಿದ್ದು, ಕನ್ನಡ ಗದ್ಯವು ಹೊಸ ರೂಪ ತಳೆದದ್ದು, ಇವೆಲ್ಲ ಆ ಚರಿತ್ರೆಗೆ ಸೇರಿದವು. ಆದರೆ ಅದಕ್ಕೆ ಇನ್ನೊಂದು ಮುಖವುಂಟು. ಅದು ಕೆಲಸ ಕಳೆದುಕೊಂಡವರ ಚರಿತ್ರೆ. ಸಭಾಪಾಲನೆಗೆ ಸಿದ್ಧರಾಗುವವರು ಈ ಮುಖವನ್ನೂ ನೋಡಬೇಕೆಂಬುದು ನಮ್ಮ ಆಶಯ.

ಅಚ್ಚುಕೂಟವನ್ನು ಕಳೆದುಕೊಂಡವರ ಸಾಲಿನಲ್ಲಿ ಮೊದಲಿಗನು ಗುಟೆನ್‌ಬರ್ಗನೇ. ಮೈಂತ್ಸ್ ನಗರದ ಯೋಹಾನ್ ಫುಸ್ಟನಿಂದ ಅವನು 1450ರಲ್ಲಿ 800 ಗಿಲ್ಡರ್ ಸಾಲ ಪಡೆದನು; ಮುಂದೆ ಇನ್ನಷ್ಟು ಹಣ ಬೇಕಾಯಿತು. 1455ರಲ್ಲಿ ವ್ಯಾಜ್ಯವು ಅವನಿಗೆ ವಿರೋಧವಾಗಿ ತೀರ್ಮಾನವಾಗಿ, ಉಪಕರಣಗಳು ಫುಸ್ಟನ ವಶಕ್ಕೆ ಹೋದವು. ಆ ವ್ಯಾಜ್ಯದಲ್ಲಿ ಫುಸ್ಟನ ಪರವಾಗಿ ಸಾಕ್ಷಿಯಾಗಿದ್ದವನು ಪೀಟರ್ ಶ್ಯೋಫರ್. ಇವನು 1449ರಲ್ಲಿ ಪ್ಯಾರಿಸಿನಲ್ಲಿ ಹಸ್ತಪ್ರತಿಗಳನ್ನು ನಕಲು ಮಾಡುತ್ತಿದ್ದ ಲಿಪಿಕಾರ. ತನ್ನ ಹಳೆಯ ಕಸುಬನ್ನು ಅಳಿಸಲಿದ್ದ ಹೊಸ ಕಸುಬಿಗೆ ಅವನೇ ತಿರುಗಿಕೊಂಡನು. ಅಕ್ಷರದ ಅಂದವನ್ನು ಬಲ್ಲ ಆ ಕೈಯೇ ಅಚ್ಚುಮೊಳೆಗಳ ಅಂದವನ್ನೂ ತಿದ್ದಿತು. 1457ರಲ್ಲಿ ಫುಸ್ಟ್ ಮತ್ತು ಶ್ಯೋಫರರ ಹೆಸರು ಹೊತ್ತು ಕೀರ್ತನೆಗಳ ಗ್ರಂಥವು ಹೊರಬಂದಿತು. ಆದರೆ ಶ್ಯೋಫರನು ಒಂಟಿಯಾಗಿ ದಾಟಿದವನಲ್ಲ. ಫುಸ್ಟನ ಬಂಡವಾಳ ಅವನಿಗಿತ್ತು. ಮುಂದೆ ಅವನು ಆ ಮನೆಯ ಅಳಿಯನೂ ಆದನು. ಗುಟೆನ್‌ಬರ್ಗನಿಗಾದರೋ, 1465ರಲ್ಲಿ ಮೈಂತ್ಸಿನ ಆರ್ಚ್‌ಬಿಷಪ್ಪನು ವರ್ಷಕ್ಕಿಷ್ಟು ಬಟ್ಟೆ, ಧಾನ್ಯ, ದ್ರಾಕ್ಷಾರಸವನ್ನು ಗೊತ್ತುಮಾಡಿದನು. ಮೂರು ವರ್ಷಗಳ ನಂತರ ಅವನು ತೀರಿಕೊಂಡನು.

ಎಲ್ಲ ಲಿಪಿಕಾರರೂ ಶ್ಯೋಫರನಂತೆ ಮನಸ್ಸು ತಿರುಗಿಸಲಿಲ್ಲ. ಸ್ಪೋನ್‌ಹೈಮಿನ ಮಠಾಧಿಪತಿ ತ್ರಿಥೇಮಿಯಸನು 1492ರಲ್ಲಿ ಲಿಪಿಕಾರರನ್ನು ಹೊಗಳಿ ಒಂದು ಗ್ರಂಥ ಬರೆದನು. ಚರ್ಮದ ಹಾಳೆ ಸಾವಿರ ವರ್ಷ ಬಾಳುವುದು, ಕಾಗದದ ಪುಸ್ತಕವು ಅಷ್ಟು ಬಾಳದು ಎಂಬುದು ಅವನ ಒಂದು ವಾದ. ಕೈಯಿಂದ ಬರೆಯುವ ಶ್ರಮವು ಸನ್ಯಾಸಿಯ ಆತ್ಮಕ್ಕೆ ಹಿತವೆಂಬುದು ಇನ್ನೊಂದು. ಆ ಗ್ರಂಥವೂ 1494ರಲ್ಲಿ ಮೈಂತ್ಸಿನಲ್ಲಿ ಅಚ್ಚಾಯಿತು. ನಾವು ಇದನ್ನು ಕಂಡು ನಗುವುದು ಸುಲಭ. ಆದರೆ ಕೆಲಸವೆಂದರೆ ಕೂಲಿ ಮಾತ್ರವಲ್ಲ, ಅದು ಮನುಷ್ಯನನ್ನು ರೂಪಿಸುತ್ತದೆ ಎಂದು ಅವನು ಅರಿತಿದ್ದನು. ಕಸುಬು ಹೋದಾಗ ಹೋಗುವುದು ಸಂಬಳವಷ್ಟೇ ಅಲ್ಲ.

ನಮ್ಮ ಕರಾವಳಿಯ ಚರಿತ್ರೆಯು ಇದೇ ಪ್ರಶ್ನೆಯನ್ನು ಮತ್ತೊಂದು ದಿಕ್ಕಿನಿಂದ ಎತ್ತುತ್ತದೆ. ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದರು. ದೀಕ್ಷಾಸ್ನಾನ ಹೊಂದಿದವರಲ್ಲಿ ಬಿಲ್ಲವರು ಬಹುಮಂದಿ; ಅವರಲ್ಲಿ ಅನೇಕರಿಗೆ ಕಳ್ಳು ಇಳಿಸುವ ಕುಲಕಸುಬನ್ನು ಬಿಡಬೇಕಾಯಿತು. ಒಕ್ಕಲುತನದ ನೆಲೆ ತಪ್ಪಿದವರೂ ಇದ್ದರು. ನಂಬಿಕೆಯ ನಿಮಿತ್ತ ಜೀವನೋಪಾಯ ಕಳೆದುಕೊಂಡವರಿಗೆ ಹೊಸ ಕಸುಬು ಕೊಡುವುದು ಮಿಷನ್ನಿನ ಹೊಣೆಯಾಯಿತು. 1841ರಲ್ಲಿ ಕಲ್ಲಚ್ಚಿನ ಯಂತ್ರದಿಂದ ಮುದ್ರಣಾಲಯವು ಆರಂಭವಾಯಿತು. 1843ರಲ್ಲಿ ಅಲ್ಲಿಂದ ಹೆರ್ಮನ್ ಮೋಗ್ಲಿಂಗರ 'ಮಂಗಳೂರ ಸಮಾಚಾರ'ವು ಹೊರಟಿತು. 1894ರಲ್ಲಿ ಕಿಟ್ಟೆಲರ ನಿಘಂಟು ಅಚ್ಚಾಯಿತು. ಮುದ್ರಣಾಲಯದ ಕೆಲಸಕ್ಕೆಂದು ಬಂದಿದ್ದ ಗೇಯೋರ್ಗ್ ಪ್ಲೆಬ್ಸ್ಟರು 1865ರಲ್ಲಿ ಹೆಂಚಿನ ಕಾರ್ಖಾನೆಯನ್ನು ತೆರೆದರು. ಅಚ್ಚಿನ ಯಂತ್ರ ಬಲ್ಲವರೇ ಮಣ್ಣಿನ ಅಚ್ಚಿಗೂ ಕೈಹಾಕಿದರು.

ಈ ವ್ಯವಸ್ಥೆಯ ದೋಷವನ್ನೂ ನಾವು ಮರೆಮಾಚಬಾರದು. ಅಲ್ಲಿ ಸಭೆಯ ಹಿರಿಯರೂ ಕೆಲಸದ ಒಡೆಯರೂ ಒಂದೇ ಮಿಷನ್ನಿನವರು. ಒಡೆಯನೊಡನೆ ಜಗಳವಾಡಿದವನಿಗೆ ಸಭೆಯಲ್ಲಿಯೂ ತಲೆಯೆತ್ತುವುದು ಕಷ್ಟವಾಗುವ ಏರ್ಪಾಡು ಅದು. ಮೊದಲನೆಯ ಮಹಾಯುದ್ಧದಲ್ಲಿ ಜರ್ಮನ್ ಮಿಷನರಿಗಳು ಬಂಧಿತರಾಗಿ ದೇಶ ಬಿಡಬೇಕಾದಾಗ, ಹೆಂಚು ಮತ್ತು ನೇಯ್ಗೆಯ ಕಾರ್ಖಾನೆಗಳು ಮಿಷನ್ನಿನ ಕೈತಪ್ಪಿ ಕಾಮನ್‌ವೆಲ್ತ್ ಟ್ರಸ್ಟಿಗೆ ಸೇರಿದವು. ಸಭೆಯೇ ಅನ್ನದಾತನೆಂದು ನಂಬಿದವರಿಗೆ ಅದು ಕಠಿಣವಾದ ಪಾಠ. ಆದರೂ ಕಸುಬು ಕಳೆದವನ ಹಸಿವು ಸಭೆಯ ಚಿಂತೆಯೇ ಎಂದು ಆ ಹಿರಿಯರು ಒಪ್ಪಿಕೊಂಡಿದ್ದರು. ಈ ಒಪ್ಪಿಗೆಯನ್ನು ನಾವು ಕಳೆದುಕೊಳ್ಳಲಾಗದು.

ಇಪ್ಪತ್ತನೆಯ ಶತಮಾನದ ಕೊನೆಯಲ್ಲಿ ಮೊಳೆ ಜೋಡಿಸುವವರ ಸರದಿ ಬಂದಿತು. ನ್ಯೂಯಾರ್ಕಿನ ಮುದ್ರಣ ಕಾರ್ಮಿಕರ ಸಂಘವು 1974ರಲ್ಲಿ ಎರಡು ದೊಡ್ಡ ಪತ್ರಿಕೆಗಳೊಡನೆ ಒಪ್ಪಂದ ಮಾಡಿಕೊಂಡಿತು: ಹೊಸ ಯಂತ್ರಗಳು ಬರಲಿ, ಈಗಿರುವವರ ಕೆಲಸ ಮಾತ್ರ ಜೀವಮಾನವಿಡೀ ಹೋಗಬಾರದು. 1978ರ ಜುಲೈಯಲ್ಲಿ 'ನ್ಯೂಯಾರ್ಕ್ ಟೈಮ್ಸ್' ಕೊನೆಯ ಬಾರಿಗೆ ಸೀಸದ ಅಕ್ಷರಗಳಲ್ಲಿ ಅಚ್ಚಾಯಿತು. ಲಂಡನ್ನಿನಲ್ಲಿ ಇಂಥ ಒಪ್ಪಂದವಾಗಲಿಲ್ಲ. 1986ರಲ್ಲಿ ವ್ಯಾಪಿಂಗ್ ಎಂಬಲ್ಲಿಗೆ ಪತ್ರಿಕೆಗಳು ಸ್ಥಳಾಂತರವಾದಾಗ ಮುಷ್ಕರ ಹೂಡಿದ ಸುಮಾರು 5,500 ಮಂದಿ ಕೆಲಸ ಕಳೆದುಕೊಂಡರು. ಒಂದು ವರ್ಷ ಹೋರಾಡಿ ಸೋತರು. ಯಂತ್ರವು ಎರಡು ಕಡೆಯೂ ಹೆಚ್ಚುಕಡಿಮೆ ಒಂದೇ ಆಗಿತ್ತು, ಮನುಷ್ಯನಿಗೆ ದೊರೆತ ಆಸರೆ ಒಂದೇ ಆಗಿರಲಿಲ್ಲ.

ಕನ್ನಡ ನಾಡಿನ ಸಣ್ಣ ಅಚ್ಚುಕೂಟಗಳಲ್ಲಿ ಸಂಘವೂ ಇರಲಿಲ್ಲ, ಒಪ್ಪಂದವೂ ಇರಲಿಲ್ಲ. ಕನ್ನಡಕ್ಕೆ ಕಾಗುಣಿತ, ಒತ್ತಕ್ಷರಗಳೆಲ್ಲ ಸೇರಿ ನೂರಾರು ಮೊಳೆಗಳು ಬೇಕು. ಯಾವ ಮೊಳೆ ಯಾವ ಮನೆಯಲ್ಲಿದೆಯೆಂದು ನೋಡದೆಯೇ ಕೈಗೆ ತಿಳಿಯಬೇಕು. ತಿರುಗುಮುರುಗಾದ ಅಕ್ಷರವನ್ನು ನೇರವಾಗಿ ಓದಬೇಕು. ವರ್ಷಗಳ ಈ ಸಾಧನೆಗೆ ಗಣಕಯಂತ್ರವು ಬಂದ ಮೇಲೆ ಬೆಲೆಯಿಲ್ಲವಾಯಿತು. ಕೆಲವರು ಕೀಲಿಮಣೆ ಕಲಿತರು, ಕೆಲವರು ಕರಡು ತಿದ್ದುವುದಕ್ಕೂ ಪುಸ್ತಕ ಕಟ್ಟುವುದಕ್ಕೂ ತಿರುಗಿದರು. ಕಣ್ಣು ಮಂಜಾಗಿ ವಯಸ್ಸು ಮೀರಿದವರು ಸಿಕ್ಕಿದ ಕೆಲಸ ಹಿಡಿದರು. ನಮ್ಮ ಗೀತಪುಸ್ತಕ, ಪ್ರಾರ್ಥನಾಪುಸ್ತಕಗಳನ್ನು ಅಕ್ಷರ ಅಕ್ಷರವಾಗಿ ಕಟ್ಟಿದವರು ಇಂಥವರೇ. ಹಳೆಯ ಯಂತ್ರಗಳನ್ನು ಒರಸಿ ಕಾಣಲು ಇಡುತ್ತೇವೆ; ಅವುಗಳ ಮುಂದೆ ನಿಂತವರ ಹೆಸರನ್ನು ಪುಸ್ತಕದ ಯಾವ ಹಾಳೆಯಲ್ಲಿಯೂ ಕಾಣೆವು.

ಇಲ್ಲಿ ದೈವಜ್ಞಾನದ ಒಂದು ಕಷ್ಟವುಂಟು. ಲೂಥರನು ದಿನನಿತ್ಯದ ದುಡಿಮೆಗೂ ದೇವರ ಕರೆಯೆಂಬ ಗೌರವ ಕೊಟ್ಟನು. ಅದು ದೊಡ್ಡ ಉಪಕಾರ. ಆದರೆ ಕಸುಬೇ ಕರೆಯಾದರೆ, ಕಸುಬು ಹೋದವನು ದೇವರು ತನ್ನನ್ನು ಕರೆಯುವುದನ್ನೇ ನಿಲ್ಲಿಸಿದನೆಂದು ತಿಳಿಯಬಹುದಲ್ಲವೇ? ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ ಏಳನೆಯ ಅಧ್ಯಾಯದಲ್ಲಿ, ಕರೆಯಲ್ಪಟ್ಟ ಸ್ಥಿತಿಯಲ್ಲಿಯೇ ಇರಬೇಕೆನ್ನುವ ಪೌಲನು, ಮರುಮಾತಿನಲ್ಲಿಯೇ ದಾಸನ ಬಿಡುಗಡೆಯನ್ನೂ ಮನಸ್ಸಿಗೆ ತರುತ್ತಾನೆ. ಸ್ಥಿತಿಯು ಬದಲಾಗಬಹುದು, ಕರೆಯುವಾತನು ಬದಲಾಗನು. ಅದೇ ಕೊರಿಂಥದಲ್ಲಿ, ರೋಮಿನಿಂದ ಹೊರಗಟ್ಟಲ್ಪಟ್ಟ ಅಕ್ವಿಲ ಪ್ರಿಸ್ಕಿಲ್ಲರ ಮನೆಯಲ್ಲಿ ಪೌಲನು ಇಳಿದುಕೊಂಡು ಗುಡಾರ ಮಾಡಿದನೆಂದು ಅಪೊಸ್ತಲರ ಕೃತ್ಯಗಳು ಹೇಳುತ್ತವೆ. ನೆಲೆ ತಪ್ಪಿದವರೇ ಅಪೊಸ್ತಲನಿಗೆ ನೆಲೆಯಾದರು.

ಆದುದರಿಂದ ನಮ್ಮ ಸಭೆಯಲ್ಲಿ ಒಬ್ಬನ ಕೆಲಸ ಹೋದರೆ, 'ದೇವರ ಚಿತ್ತ' ಎಂಬ ಮಾತನ್ನು ಅವಸರದಿಂದ ಆಡದಿರೋಣ. ರೋಗಿಗಳಿಗಾಗಿ ಪ್ರಾರ್ಥಿಸುವಂತೆ ಅವನಿಗಾಗಿಯೂ ಪ್ರಾರ್ಥಿಸೋಣ. ಹೊಸ ಕೆಲಸ ಕಲಿಯುವ ತಿಂಗಳುಗಳಲ್ಲಿ ಅವನ ಮನೆಯ ಒಲೆ ಆರದಂತೆ ಸಭೆಯ ಹಣದಲ್ಲಿ ಒಂದು ಪಾಲನ್ನು ಇಡೋಣ. ಅದಕ್ಕೆ ಪ್ರತಿಯಾಗಿ ಅವನ ಬಾಯಿ ಕಟ್ಟದಿರೋಣ. ಅವನ ಕೈ ಬಲ್ಲ ವಿದ್ಯೆ ಯಾವುದೆಂದು ಕೇಳೋಣ. ಲಿಪಿಕಾರನ ಕಣ್ಣು ಅಚ್ಚುಮೊಳೆಗೆ ಉಪಯೋಗವಾದಂತೆ ಆ ವಿದ್ಯೆಯೂ ಎಲ್ಲಿಯೋ ಬೇಕಾಗಿರಬಹುದು. ಅದನ್ನು ಹುಡುಕುವಾಗ ಅವನ ಜೊತೆಯಲ್ಲಿ ನಡೆಯುವುದೂ ಸಭಾಪಾಲನೆಯೇ.