ಪ್ರಾಸ ಬಿಟ್ಟ ಪೈಗಳು

ನಾನು ಓದಿದ್ದು ಏಳನೇ ಕ್ಲಾಸು. ಕೆಲಸ ಗದ್ದೆಯಲ್ಲಿ, ಹಾಡು ಬಾಯಲ್ಲಿ. ಹತ್ತು ವರ್ಷದ ಹಿಂದೆ ಒಂದು ಸಭೆಯಲ್ಲಿ ನಾನೇ ಕಟ್ಟಿದ ಹಾಡು ಹಾಡಿದೆ. ಕೇಳಿದ ಹಿರಿಯರೊಬ್ಬರು ಎಲ್ಲರೆದುರು, “ಇದಕ್ಕೆ ಪ್ರಾಸ ಇಲ್ಲ, ಛಂದಸ್ಸು ಇಲ್ಲ. ನಿಮಗೆ ಹಳೇ ಹಾಡು ಸಾಕು” ಎಂದರು. ಆಮೇಲೆ ಎರಡು ವರ್ಷ ನಾನು ಹೊಸ ಹಾಡು ಕಟ್ಟಲೇ ಇಲ್ಲ. ಪುನಃ ಸುರು ಮಾಡಿದ್ದು ಮಂಜೇಶ್ವರದ ಗೋವಿಂದ ಪೈಗಳ ವಿಷಯ ತಿಳಿದ ಮೇಲೆ. ಅದನ್ನೇ ಇಲ್ಲಿ ಬರೆಯುತ್ತೇನೆ.

ಪೈಗಳು ಹುಟ್ಟಿದ್ದು 1883ರಲ್ಲಿ. ಮನೆಮಾತು ಕೊಂಕಣಿ, ಪದ್ಯ ಬರೆದದ್ದು ಕನ್ನಡದಲ್ಲಿ. ಆ ಕಾಲದಲ್ಲಿ ಪದ್ಯವೆಂದರೆ ಪ್ರತಿ ಸಾಲಿನ ಎರಡನೇ ಅಕ್ಷರ ಒಂದೇ ಆಗಿರಬೇಕು ಎಂಬ ಕಟ್ಟು. ಅದಕ್ಕೆ ದ್ವಿತೀಯಾಕ್ಷರ ಪ್ರಾಸ ಎನ್ನುತ್ತಾರೆ. ಮೊದಲ ಸಾಲು ‘ಮಳೆ’ ಎಂದು ಸುರುವಾದರೆ ಮುಂದಿನವು ‘ಇಳೆ’, ‘ಕಳೆ’, ‘ಬೆಳೆ’ ಹೀಗೆ ಹೋಗಬೇಕು. ಕವಿಗೆ ಬಾವಿಯ ಮಾತು ಹೇಳಲಿಕ್ಕಿದ್ದರೂ ಅಲ್ಲಿ ‘ಬಾವಿ’ ಬರುವ ಹಾಗಿಲ್ಲ. ಪ್ರಾಸದಲ್ಲಿ ಚೆಂದ ಉಂಟು, ಇಲ್ಲ ಅನ್ನುವುದಿಲ್ಲ. ಆದರೆ ಎಷ್ಟೋ ಸಲ ಅರ್ಥ ಬಿಟ್ಟು ಅಕ್ಷರದ ಹಿಂದೆ ಓಡಬೇಕಾಗ್ತದೆ.

1911ರಲ್ಲಿ ಪೈಗಳು ಈ ಪ್ರಾಸವನ್ನು ಬಿಟ್ಟು ಪದ್ಯ ಬರೆದರು. ಆಗ ಅವರಿಗೆ ಇಪ್ಪತ್ತೆಂಟು ವರ್ಷ. ಪ್ರಾಸ ಇಲ್ಲದ್ದು ಪದ್ಯವೇ ಅಲ್ಲ ಎಂದು ಆಕ್ಷೇಪ ಬಂತು, ವಾದ ನಡೆಯಿತು. ಅವರು ಹಿಂದೆ ಸರಿಯಲಿಲ್ಲ. ಅವರ ಮೊದಲ ಕವನ ಸಂಗ್ರಹ ‘ಗಿಳಿವಿಂಡು’ ಅಚ್ಚಾದದ್ದು 1930ರಲ್ಲಿ. ನಡುವೆ ಹತ್ತೊಂಬತ್ತು ವರ್ಷ! ಅಷ್ಟರೊಳಗೆ ಬೇರೆ ಕವಿಗಳೂ ಪ್ರಾಸದ ಕಟ್ಟು ಸಡಿಲಿಸಿದ್ದರು. 1949ರಲ್ಲಿ ಮದ್ರಾಸ್ ಸರಕಾರ ಪೈಗಳಿಗೆ ರಾಷ್ಟ್ರಕವಿ ಎಂಬ ಬಿರುದು ಕೊಟ್ಟಿತು. 1951ರಲ್ಲಿ ಮುಂಬಯಿಯ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು.

ಇದನ್ನು ಕೇಳಿದಾಗ ಮೊದಲು ನನಗೆ ಖುಷಿಯಾಯಿತು: ಪೈಗಳೂ ಪ್ರಾಸ ಬಿಟ್ಟರು, ನಾನೂ ಬಿಟ್ಟೆ ಅಂತ. ಆಮೇಲೆ ಯೋಚಿಸಿದರೆ ನಾಚಿಕೆಯಾಯಿತು. ಪೈಗಳು ಪ್ರಾಸ ಬಾರದೆ ಬಿಟ್ಟದ್ದಲ್ಲ. ಹಳಗನ್ನಡ, ಸಂಸ್ಕೃತ, ಶಾಸನ ಎಲ್ಲ ಓದಿದವರು, ತಿಳಿದೇ ಬಿಟ್ಟರು. ಅವರ ಧೈರ್ಯಕ್ಕೆ ಬೇರು ಇತ್ತು. ನನ್ನದು ಒಂದೇ ಗಾಳಿಗೆ ಮಲಗಿತು.

ಹಾಗಾಗಿ ಶಾಲೆಯ ಮಾಸ್ಟ್ರೊಬ್ಬರ ಹತ್ತಿರ ಕೂತು ಪ್ರಾಸ ಎಂದರೇನು, ಮಾತ್ರೆ ಎಣಿಸುವುದು ಹೇಗೆ ಎಂದು ಕೇಳಿ ಕಲಿತೆ. ಆಮೇಲೆ ಹಾಡು ಕಟ್ಟಿದೆ. ಈಗ ಪ್ರಾಸ ತಾನಾಗಿ ಬಂದರೆ ಬರಲಿ, ಬಾರದಿದ್ದರೆ ಎಳೆದು ತರುವುದಿಲ್ಲ.

ಹೋದ ವರ್ಷ ಅದೇ ಹಿರಿಯರ ಎದುರು ಪುನಃ ಹಾಡಿದೆ. “ಪ್ರಾಸ ಈಗಲೂ ಇಲ್ಲ” ಎಂದರು. “ಇಲ್ಲ, ಬೇಡ ಅಂತ ಬಿಟ್ಟದ್ದು” ಎಂದೆ. “ಮೂರನೇ ನುಡಿಯಲ್ಲಿ ತಾಳ ತಪ್ಪುತ್ತದೆ” ಎಂದರು. ಮನೆಗೆ ಬಂದು ಹಾಡಿ ನೋಡಿದೆ. ಅವರು ಹೇಳಿದ್ದು ಸರಿ ಇತ್ತು. ತಾಳ ತಿದ್ದಿಕೊಂಡೆ, ಹಾಡು ಬಿಡಲಿಲ್ಲ.