ಅಕ್ಷರ ಕಲಿತ ಮೇಲೆ

ದಿನವೆಲ್ಲ ಹೊಲದಲ್ಲಿ ದುಡಿದ ಗಂಡಸು ಇರುಳು ದೀಪದ ಮುಂದೆ ಅಕ್ಷರ ಕಲಿಯುವುದು ಕಷ್ಟ. ಕಲಿತದ್ದನ್ನು ಉಳಿಸಿಕೊಳ್ಳುವುದು ಇನ್ನೂ ಕಷ್ಟ. ಓದಲು ಏನೂ ಸಿಗದಿದ್ದರೆ, ಸಹಿ ಕಲಿತವನು ಮತ್ತೆ ಹೆಬ್ಬೆಟ್ಟಿಗೇ ಮರಳುತ್ತಾನೆ.

1940ರ ದಶಕದಲ್ಲಿ ಮೈಸೂರಿನಲ್ಲಿ ಕೆಲಸ ಆರಂಭಿಸಿದ ವಯಸ್ಕರ ಶಿಕ್ಷಣ ಸಮಿತಿ ಇದನ್ನು ಚೆನ್ನಾಗಿ ಅರಿತಿತ್ತು. ಅದು ತರಗತಿಗಳನ್ನು ನಡೆಸಿ ಸುಮ್ಮನಾಗಲಿಲ್ಲ. ಹೊಸದಾಗಿ ಓದು ಕಲಿತವರಿಗೆಂದೇ ‘ಬೆಳಕು’ ವಾರಪತ್ರಿಕೆಯನ್ನು ಹೊರಡಿಸಿತು, ಹಳ್ಳಿಗಳಲ್ಲಿ ವಾಚನಾಲಯಗಳನ್ನು ತೆರೆಯಿತು.

ಬಳ್ಳಾರಿಯ ನೆರೆಯ ಕೊಳಗಲ್ಲು ಆಗ ಮೈಸೂರಿನದಲ್ಲ. ಮದರಾಸು ಆಡಳಿತಕ್ಕೆ ಸೇರಿತ್ತು. ಮದರಾಸಿನಲ್ಲಿ 1948ರಲ್ಲಿ ಗ್ರಂಥಾಲಯ ಕಾಯಿದೆ ಬಂದು, ಮನೆ ತೆರಿಗೆಯೊಡನೆ ಪುಸ್ತಕಕ್ಕಾಗಿಯೂ ಕರ ಎತ್ತುವ ಏರ್ಪಾಡಾಯಿತು. 1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿತು. ಆ ರಾಜ್ಯದ ಸ್ವಂತ ಗ್ರಂಥಾಲಯ ಕಾಯಿದೆ ಆದದ್ದು 1965ರಲ್ಲಿ.

ಕಾಯಿದೆ ಕಪಾಟು ಕೊಟ್ಟೀತು. ಒಳಗೆ ಕಾಲಿಡುವ ಧೈರ್ಯವನ್ನು ಕೊಡಲಾರದು. ಊರ ಬಾವಿಯ ನೀರನ್ನೇ ಮುಟ್ಟಗೊಡದ ಕಾಲದಲ್ಲಿ ಬೆಳೆದವನಿಗೆ ವಾಚನಾಲಯದ ಹೊಸಿಲೂ ಎತ್ತರವೇ. ಆದ್ದರಿಂದ ಪುಸ್ತಕವೇ ಅವನಿರುವಲ್ಲಿಗೆ ಹೋಗಬೇಕು. ಅಮೆರಿಕದ ನ್ಯೂಯಾರ್ಕಿನಲ್ಲಿ ಉಪಾಧ್ಯಾಯರಾಗಿದ್ದ ಆಲ್ವಿನ್ ಅರ್ಬಿ ಎಂಬುವರು 2014ರಲ್ಲಿ ಮಾಡಿದ್ದೂ ಇದನ್ನೇ: ಕರಿಯ ಜನರ ಹುಡುಗರು ಸರದಿ ಕಾಯುವ ಕ್ಷೌರದ ಅಂಗಡಿಗಳಲ್ಲೇ ಮಕ್ಕಳ ಪುಸ್ತಕಗಳನ್ನು ಇರಿಸುವ ಏರ್ಪಾಡು.

ಇದು ನಮಗೆ ತೀರ ಹೊಸತೇನಲ್ಲ. ನಮ್ಮ ಕ್ಷೌರದ ಅಂಗಡಿಯಲ್ಲಿ, ಚಹದ ಹೋಟೆಲಿನಲ್ಲಿ, ಒಬ್ಬ ಪತ್ರಿಕೆ ಓದಿದರೆ ಹತ್ತು ಮಂದಿ ಕೇಳುವ ರೂಢಿ ಹಳೆಯದು. ಇನ್ನು ಆಗಬೇಕಾದದ್ದು ಇಷ್ಟೇ: ಓದುವವನು ಒಂದು ದಿನ ಆ ಹಾಳೆಯನ್ನು ಕೇಳುವವನ ಕೈಗಿತ್ತು, “ಇವತ್ತು ನೀನು ಓದಪ್ಪ” ಎನ್ನಬೇಕು.