ಕಣದ ಮೇಲಿನ ಆಯ

ವಿಹಾರದ ಹಡಗುಗಳಲ್ಲಿ ಪ್ರಯಾಣಿಕನ ಲೆಕ್ಕಕ್ಕೆ ಸೇವಾಶುಲ್ಕ ದಿನದಿನವೂ ತಾನಾಗಿ ಸೇರುವುದುಂಟು. ಇದನ್ನು ಹೊಸತೆಂದು ಬೆರಗಾಗುವವರು ಸೂಲಿಬೆಲೆ ಸೀಮೆಯ ರಾಗಿಯ ಕಣವನ್ನು ನೆನೆಯಬೇಕು. ಹಳೆಯ ಮೈಸೂರಿನ ಹಳ್ಳಿಗಳಲ್ಲಿ ಕಮ್ಮಾರ, ಬಡಗಿ, ಅಗಸ, ಕ್ಷೌರಿಕ, ತಳವಾರ, ತೋಟಿ, ಕೆರೆಯ ತೂಬು ನೋಡುವ ನೀರುಗಂಟಿ ಮೊದಲಾದ ಆಯಗಾರರಿಗೆ ದಿನಗೂಲಿಯಿರಲಿಲ್ಲ. ಸುಗ್ಗಿಯಲ್ಲಿ ರಾಶಿ ಅಳೆಯುವಾಗ ಅವರವರ ಪಾಲು ಕಣದಲ್ಲೇ ಸಲ್ಲುತ್ತಿತ್ತು. 1800ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಬೆಂಗಳೂರಿನ ಸುತ್ತ ನಡೆಯುತ್ತಿದ್ದ ಈ ರಾಶಿಯ ಹಂಚಿಕೆಯನ್ನು ವಿವರವಾಗಿ ಬರೆದಿಟ್ಟಿದ್ದಾನೆ.

ಇನಾಮು ಕೊಡುವವನ ಮರ್ಜಿ. ಆಯ ಪಡೆಯುವವನ ಹಕ್ಕು. ಆದರೆ ಆ ಹಕ್ಕಿನೊಡನೆ ಹುಟ್ಟಿನ ಕಟ್ಟೂ ಇತ್ತು. ತೋಟಿಯ ಮಗ ತೋಟಿಯೇ. ಒಲ್ಲೆನೆನ್ನುವ ಬಾಯಿ ಅವನಿಗೆಲ್ಲಿತ್ತು? ಮಳೆ ಕೈಕೊಟ್ಟ ವರ್ಷ ರಾಶಿಯೊಡನೆ ಅವನ ಪಾಲೂ ಕುಗ್ಗುತ್ತಿತ್ತು. ತೋಟಿ, ತಳವಾರ, ನೀರುಗಂಟಿಯಂಥ ವಂಶಪಾರಂಪರ್ಯದ ಹುದ್ದೆಗಳು ಕಾನೂನಿನಂತೆ ಅಳಿದದ್ದು 1961ರ ಗ್ರಾಮಾಧಿಕಾರ ರದ್ದತಿ ಶಾಸನ 1963ರಲ್ಲಿ ಜಾರಿಗೆ ಬಂದ ಮೇಲೆ.

ಕಣದಲ್ಲಿ ಧಾನ್ಯ ಯಾರ ಮೊರಕ್ಕೆ ಬಿತ್ತೆಂಬುದನ್ನು ಊರೇ ಕಾಣುತ್ತಿತ್ತು. ಹಡಗಿನ ಶುಲ್ಕ ಯಾರ ಕೈ ಸೇರಿತೆಂಬುದು ತೆತ್ತವನಿಗೆ ಕಾಣದು. ದುಡಿಯುವವನಿಗೆ ಕಣ್ಣೆದುರಿನ ಅಳತೆಯೂ ಬೇಕು, ಕೆಲಸ ಬಿಟ್ಟು ಹೋಗುವ ಸ್ವಾತಂತ್ರ್ಯವೂ ಬೇಕು. ಕಣ ಕೊಟ್ಟದ್ದು ಮೊದಲನೆಯದನ್ನು ಮಾತ್ರ.